ಸದ್ದು ಮಾಡದ ಗ್ರಾಫಿಕ್ಸ್ ಕಾರ್ಡ್ ಬೇಕಾದರೆ ಮೊದಲು ವಾಟ್ ನೋಡಿ

ಪಿಸಿಯಲ್ಲಿ ಗೇಮಿನ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ, ಅಂದರೆ ಫ್ರೇಮ್) ಎಷ್ಟು ಬರುತ್ತದೆ ಅಂತ. ಆಮೇಲೆ ಬೆಲೆ. ಸದ್ದಿನ ವಿಷಯ ಯಾರೂ ಎತ್ತುವುದಿಲ್ಲ. ಕಾರ್ಡ್ ಮನೆಗೆ ಬಂದು, ಎಲ್ಲರೂ ಮಲಗಿದ ಮೇಲೆ ಸೈಬರ್‌ಪಂಕ್ 2077 ಗೇಮ್ ಶುರು ಮಾಡಿದಾಗ ಪಕ್ಕದ ಕೋಣೆಯಿಂದ "ಏನೋ ಅದು ಸದ್ದು?" ಅಂತ ಕೇಳಿಬರುತ್ತದಲ್ಲ, ಆಗ ನೆನಪಾಗುತ್ತದೆ.

ನನಗೆ ಮಾತ್ರ ಇದು ಮೊದಲೇ ನೆನಪಾಗಬೇಕು. ಮೈಸೂರಿನ ಮನೆಯಲ್ಲೇ ಕೂತು ಜಾಹೀರಾತು, ತರಬೇತಿ ವಿಡಿಯೊಗಳಿಗೆ ದನಿ ಕೊಡುವುದು ನನ್ನ ಕೆಲಸ. ಮೈಕ್ ಮೇಜಿನ ಮೇಲಿದೆ, ಪಿಸಿ ಪಕ್ಕದಲ್ಲೇ ನೆಲದ ಮೇಲಿದೆ. ಹಗಲು ರೆಕಾರ್ಡಿಂಗ್, ರಾತ್ರಿ ಗೇಮ್, ಎರಡೂ ಅದೇ ಪಿಸಿಯಲ್ಲಿ. ಕಿವಿಯಾದರೆ ಸ್ವಲ್ಪ ಹೊತ್ತಿಗೆ ಒಗ್ಗಿಕೊಳ್ಳುತ್ತದೆ, ಮೈಕ್ ಒಗ್ಗಿಕೊಳ್ಳುವುದಿಲ್ಲ. ಫ್ಯಾನ್ ಗುಂಯ್ ಅಂದರೆ ಅದೂ ಫೈಲಿಗೆ ಬಂದು ಕೂರುತ್ತದೆ.

ಶಿವಮೊಗ್ಗದಲ್ಲಿರುವ ಅಕ್ಕನ ಮಗ ಹೊಸ ಪಿಸಿ ಜೋಡಿಸಬೇಕು ಅಂತ ಫೋನ್ ಮಾಡಿದ್ದ. "ಮಾಮ, ಯಾವ ಕಂಪನಿ ಕಾರ್ಡ್ ಸೈಲೆಂಟಾಗಿರುತ್ತೆ?" ಎಲ್ಲರೂ ಕೇಳುವುದು ಇದನ್ನೇ. "ಕಂಪನಿ ಆಮೇಲೆ ನೋಡೋಣ, ನಿನ್ನ ಮಾನಿಟರ್ ಯಾವ್ದು ಅದನ್ನ ಹೇಳು" ಅಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ವಾಟ್ ಲೆಕ್ಕ

ಕಾರ್ಡ್ ಎಳೆದುಕೊಂಡ ಕರೆಂಟೆಲ್ಲ ಕೊನೆಗೆ ಬಿಸಿಯಾಗಿ ಹೊರಗೆ ಬರುತ್ತದೆ. 300 ವಾಟ್ ಎಳೆದರೆ 300 ವಾಟ್ ಬಿಸಿ. ಆ ಬಿಸಿಯನ್ನು ಹೊರಹಾಕಲು ಗಾಳಿ ಬೇಕು, ಗಾಳಿಗೆ ಫ್ಯಾನ್ ತಿರುಗಬೇಕು, ಫ್ಯಾನ್ ತಿರುಗಿದರೆ ಸದ್ದು. ಹಾಗಾಗಿ ಸದ್ದಿನ ಮೂಲ ಫ್ಯಾನ್ ಅಂತ ಕಂಡರೂ ಅದರ ಹಿಂದೆ ಇರುವುದು ವಾಟ್.

ಈಗ ಅಂಗಡಿಯಲ್ಲಿ ಕಾಣುವ ಕಾರ್ಡುಗಳನ್ನೇ ನೋಡಿ. ಕಂಪನಿಗಳು ಹೇಳುವ ಪ್ರಕಾರ ಎನ್‌ವಿಡಿಯಾದ ಆರ್‌ಟಿಎಕ್ಸ್ 5060ಕ್ಕೆ 145 ವಾಟ್, 5060 ಟಿಐಗೆ 180, 5070ಕ್ಕೆ 250, 5070 ಟಿಐಗೆ 300, 5080ಕ್ಕೆ 360. 5090ಕ್ಕೆ 575. ಅಂದರೆ ಹೆಚ್ಚುಕಮ್ಮಿ ಅರ್ಧ ರೂಮ್ ಹೀಟರ್. ಎಎಂಡಿ ಕಡೆ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿಗೆ 160, 9070ಕ್ಕೆ 220, 9070 ಎಕ್ಸ್‌ಟಿಗೆ 304. ಇಂಟೆಲ್‌ನ ಆರ್ಕ್ ಬಿ580ಕ್ಕೆ 190. ಹೋದ ಪೀಳಿಗೆಯ ಆರ್‌ಟಿಎಕ್ಸ್ 4070 ಸೂಪರ್‌ಗೆ 220. ನನ್ನ ಹತ್ತಿರ ಇರುವುದು ಅದೇ.

ಈ ಸಾಲಿನಲ್ಲಿ ನಿಮ್ಮ ಜಾಗ ಎಲ್ಲಿ ಅಂತ ಹೇಳುವುದು ಮಾನಿಟರ್. 1080ಪಿ, 1440ಪಿ, 4ಕೆ ಅನ್ನುವುದು ಪರದೆಯ ಮೇಲೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ. ಚುಕ್ಕೆ ಹೆಚ್ಚಿದಷ್ಟೂ ಕಾರ್ಡಿಗೆ ಕೆಲಸ ಹೆಚ್ಚು. 1080ಪಿ ಮಾನಿಟರ್ ಇಟ್ಟುಕೊಂಡು 300 ವಾಟ್ ಕಾರ್ಡ್ ತರುವುದು ಸುಮ್ನೆ ದುಡ್ಡು ಸುಡುವ ಕೆಲಸ. 150ರಿಂದ 180 ವಾಟ್ ಗುಂಪಿನ ಕಾರ್ಡ್ ಅಲ್ಲಿ ಧಾರಾಳವಾಗಿ ಸಾಕು. 1440ಪಿ ಆದರೆ 220ರಿಂದ 250 ವಾಟ್ ಗುಂಪು. 4ಕೆ ಬೇಕೇ ಬೇಕು ಅನ್ನುವವರು 300 ವಾಟ್ ಕಡೆಗೆ ಹೋಗಬೇಕು, ಜೊತೆಗೆ ಕಮ್ಮಿ ಚುಕ್ಕೆಯ ಚಿತ್ರವನ್ನು ಹಿಗ್ಗಿಸಿ ತೋರಿಸುವ ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್ ಹಾಕಿಕೊಂಡು ಆಡಲು ತಯಾರಿರಬೇಕು. ಸದ್ದು ಕಮ್ಮಿ ಬೇಕು, ವೇಗವೂ ಬೇಕು ಅನ್ನುವವರಿಗೆ ನನ್ನ ಪ್ರಕಾರ 1440ಪಿ ಮಾನಿಟರೇ ಹದವಾದ ಜಾಗ. ಚಿತ್ರ ಚೆನ್ನಾಗಿರುತ್ತದೆ, ಕಾರ್ಡಿಗೂ ಉಸಿರಾಡಲು ಸಮಯ ಸಿಗುತ್ತದೆ.

ಮೆಮೊರಿ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಇಷ್ಟು ದುಡ್ಡು ಹಾಕಿ 1440ಪಿಗೆ ಕಾರ್ಡ್ ತರುವಾಗ 8 ಜಿಬಿಯದ್ದು ಬೇಡ. 5060 ಟಿಐ, 9060 ಎಕ್ಸ್‌ಟಿ ಎರಡರಲ್ಲೂ 8 ಜಿಬಿ, 16 ಜಿಬಿ ಅಂತ ಎರಡೆರಡು ಬಗೆ ಇವೆ. ಡಬ್ಬಿ ಮೇಲಿನ ಹೆಸರು ಒಂದೇ ಥರ ಕಾಣುತ್ತದೆ, ಅಂಕೆ ನೋಡಿ ತಗೊಳ್ಳಿ.

ಕೂಲರ್ ದೊಡ್ಡದು, ಚಿಪ್ ಚಿಕ್ಕದು

ಮೌನದ ಗುಟ್ಟು ಅಂತ ಒಂದು ಇದ್ದರೆ ಅದು ಇಲ್ಲಿದೆ. ಎನ್‌ವಿಡಿಯಾ, ಎಎಂಡಿ ಮಾಡುವುದು ಚಿಪ್. ಅದರ ಮೇಲೆ ಕೂಲರ್, ಅಂದರೆ ಬಿಸಿ ಹೊರಹಾಕುವ ಲೋಹದ ರೆಕ್ಕೆ ಮತ್ತು ಫ್ಯಾನ್, ಕೂರಿಸಿ ಕಾರ್ಡ್ ಮಾಡಿ ಮಾರುವವರು ಅಸೂಸ್, ಎಂಎಸ್‌ಐ, ಗಿಗಾಬೈಟ್, ಜೋಟಾಕ್, ಸ್ಯಾಫೈರ್ ಮುಂತಾದವರು. ಪ್ರತಿ ಚಿಪ್‌ಗೂ ಹೊಸ ಕೂಲರ್ ಮಾಡುವುದು ಖರ್ಚಿನ ಬಾಬ್ತು. ಅದಕ್ಕೇ ಎಷ್ಟೋ ಸಲ ಮೇಲಿನ ಚಿಪ್‌ಗೆ ಮಾಡಿದ ಕೂಲರನ್ನೇ ಕೆಳಗಿನ ಚಿಪ್‌ಗೂ ಹಾಕುತ್ತಾರೆ. ಅಣ್ಣನ ಅಂಗಿ ತಮ್ಮನಿಗೆ ಹಾಕಿದ ಹಾಗೆ. ಅಂಗಿ ದೊಗಲೆ, ಆದರೆ ಒಳಗೆ ಸೆಕೆ ಇಲ್ಲ.

9070 ಮತ್ತು 9070 ಎಕ್ಸ್‌ಟಿ ಇದಕ್ಕೆ ಒಳ್ಳೆಯ ಉದಾಹರಣೆ. ಹಲವು ತಯಾರಕರು ಎರಡಕ್ಕೂ ಒಂದೇ ಕೂಲರ್ ಹಾಕಿದ್ದಾರೆ. 304 ವಾಟ್ ತಡೆಯುವ ಕೂಲರ್ ಮೇಲೆ 220 ವಾಟ್ ಮಾತ್ರ ಬಿದ್ದರೆ ಫ್ಯಾನ್‌ಗೆ ಕೆಲಸವೇ ಇರುವುದಿಲ್ಲ. ವೇಗದಲ್ಲಿ ಎರಡರ ನಡುವಿನ ಅಂತರ ವಾಟ್‌ನಲ್ಲಿರುವಷ್ಟು ಇಲ್ಲ. 5070 ಟಿಐ ಮತ್ತು 5080ರ ದೊಡ್ಡ ಮಾಡೆಲ್‌ಗಳಲ್ಲೂ ಇದೇ ಕಥೆ. ಎರಡೂ ಕಾರ್ಡಿನ ಉದ್ದ, ದಪ್ಪ, ತೂಕವನ್ನು ತಯಾರಕರ ಪುಟದಲ್ಲಿ ಹೋಲಿಸಿ. ಅಂಕೆಗಳು ಒಂದೇ ಆಗಿದ್ದರೆ ಒಳಗಿನ ಕೂಲರೂ ಹೆಚ್ಚುಕಮ್ಮಿ ಒಂದೇ.

ತೂಕ ನೋಡುವುದು ನನ್ನ ಹಳೇ ಅಭ್ಯಾಸ. ಡಬ್ಬಿಯ ಮೇಲೆ ಏನು ಬೇಕಾದರೂ ಬರೆಯಬಹುದು, ಲೋಹಕ್ಕೆ ಮಾತ್ರ ತೂಕ ಇರಲೇಬೇಕು. ಒಂದೇ ಚಿಪ್‌ನ ಎರಡು ಕಾರ್ಡಿನಲ್ಲಿ ಒಂದು 700 ಗ್ರಾಂ, ಇನ್ನೊಂದು 1,200 ಗ್ರಾಂ ಇದ್ದರೆ ಆ ವ್ಯತ್ಯಾಸದ ಬಹುಪಾಲು ಅಲ್ಯೂಮಿನಿಯಂ ರೆಕ್ಕೆಗಳು ಮತ್ತು ತಾಮ್ರದ ಹೀಟ್‌ಪೈಪ್. ಅಗ್ಗದ ಎರಡು ಫ್ಯಾನ್ ಮಾಡೆಲ್‌ಗೂ ಒಳ್ಳೆಯ ಮೂರು ಫ್ಯಾನ್ ಮಾಡೆಲ್‌ಗೂ ಕೆಲವು ಸಾವಿರ ವ್ಯತ್ಯಾಸ ಇರುತ್ತದೆ. ಚಿಪ್‌ನ ವೇಗ ಎರಡರಲ್ಲೂ ಅದೇ. ಆ ಕೆಲವು ಸಾವಿರ ಕೊಡುವುದು ಮೌನಕ್ಕೆ. ಎಲ್‌ಇಡಿ ದೀಪಕ್ಕೆ, 'ಓಸಿ' ಅನ್ನುವ ಎರಡಕ್ಷರಕ್ಕೆ ಕೊಡಬೇಡಿ. ಓಸಿ ಅಂದರೆ ಓವರ್‌ಕ್ಲಾಕ್, ಚಿಪ್ಪನ್ನು ನಿಗದಿಗಿಂತ ಜೋರಾಗಿ ಓಡಿಸುವುದು. ಕಾರ್ಖಾನೆಯ ಓವರ್‌ಕ್ಲಾಕ್‌ನಿಂದ ಸಿಗುವ ವೇಗ ಕಣ್ಣಿಗೆ ಕಾಣುವುದಿಲ್ಲ, ಹೆಚ್ಚಾದ ವಾಟ್ ಕಿವಿಗೆ ಕೇಳಬಹುದು.

ಆದರೆ ಕೊಳ್ಳುವ ಮುಂಚೆ ಟೇಪ್ ಹಿಡಿದು ಕ್ಯಾಬಿನೆಟ್ ಅಳೆಯಿರಿ. ದೊಡ್ಡ ಕೂಲರಿನ ಕಾರ್ಡುಗಳು 300ರಿಂದ 340 ಮಿಲಿಮೀಟರ್ ಉದ್ದ, ಮೂರು ಸ್ಲಾಟ್ (ಕ್ಯಾಬಿನೆಟ್ ಹಿಂಬದಿಯಲ್ಲಿ ಕಾರ್ಡ್ ಕೂರುವ ಸೀಳು) ಅಥವಾ ಅದಕ್ಕಿಂತ ದಪ್ಪ. ಚಿಕ್ಕ ಕ್ಯಾಬಿನೆಟ್‌ಗೆ ಇಂಥದ್ದನ್ನು ತುರುಕಿದರೆ ಕಾರ್ಡಿನ ಫ್ಯಾನ್ ಮತ್ತು ಕೆಳಗಿನ ಪವರ್ ಸಪ್ಲೈ ಮುಚ್ಚಳದ ನಡುವೆ ಬೆರಳು ಹೋಗುವಷ್ಟೂ ಜಾಗ ಉಳಿಯುವುದಿಲ್ಲ. ಫ್ಯಾನ್‌ಗೆ ಗಾಳಿಯೇ ಸಿಗದಿದ್ದರೆ ಕೂಲರ್ ಎಷ್ಟು ದೊಡ್ಡದಿದ್ದರೇನು? ಅಂಥ ಕ್ಯಾಬಿನೆಟ್‌ಗೆ ಎರಡು ಸ್ಲಾಟಿನ, 160 ವಾಟಿನ ಕಾರ್ಡೇ ಮೌನವಾಗಿರುತ್ತದೆ.

ಫ್ಯಾನಿನ ಲೆಕ್ಕವೂ ಸ್ವಲ್ಪ ಗೊತ್ತಿರಲಿ. ವೇಗ ಅರ್ಧ ಮಾಡಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬಲ್ ಇಳಿಯುತ್ತದೆ. ಡೆಸಿಬಲ್ 10 ಇಳಿದರೆ ಕಿವಿಗೆ ಸದ್ದು ಅರ್ಧ ಆದ ಹಾಗೆ ಅನ್ನಿಸುತ್ತದೆ. ಹಾಗಾಗಿ ಫ್ಯಾನ್ ವೇಗದಲ್ಲಿ ಸ್ವಲ್ಪ ಇಳಿಸಿದರೂ ಲಾಭ ಜಾಸ್ತಿ. ದೊಡ್ಡ ಫ್ಯಾನ್ ನಿಧಾನಕ್ಕೆ ತಿರುಗಿಯೇ ಅಷ್ಟು ಗಾಳಿ ತಳ್ಳುತ್ತದೆ. ಅಸೂಸ್ ಮತ್ತು ಫ್ಯಾನ್ ತಯಾರಿಸುವ ನಾಕ್ಟುವಾ ಸೇರಿ 2021ರಲ್ಲಿ ಆರ್‌ಟಿಎಕ್ಸ್ 3070 ತಂದಾಗ ಮಾಡಿದ್ದು ಇಷ್ಟೇ. ಕ್ಯಾಬಿನೆಟ್‌ಗೆ ಹಾಕುವ 120 ಮಿಲಿಮೀಟರ್ ಫ್ಯಾನ್ ಎರಡನ್ನು ನೇರ ಕಾರ್ಡಿನ ಮೇಲೆ ಕೂರಿಸಿದರು. ಕಾರ್ಡ್ ಇಟ್ಟಿಗೆ ಗಾತ್ರ ಆಯಿತು, ಬಣ್ಣ ಕಂದು, ಸದ್ದು ಮಾತ್ರ ಬಹಳ ಕಮ್ಮಿ. ಆಮೇಲೆ 3080, 4080, 5080ಕ್ಕೂ ಅದೇ ಜೋಡಿ ಬಂತು. ಬೆಲೆ ನೋಡಿದರೆ ನಾನು ಯಾರಿಗೂ ಹೇಳುವುದಿಲ್ಲ. ಅಷ್ಟು ದುಡ್ಡಿದ್ದರೆ ಕ್ಯಾಬಿನೆಟ್, ಪವರ್ ಸಪ್ಲೈ ಎರಡೂ ಒಳ್ಳೆಯದು ಬರುತ್ತವೆ.

ಒಂದು ಹಳೇ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 2003ರಲ್ಲಿ ಬಂದ ಎನ್‌ವಿಡಿಯಾದ ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ಎಷ್ಟು ಕಿರುಚುತ್ತಿತ್ತು ಅಂದರೆ ಕಂಪನಿಯವರೇ ತಮ್ಮನ್ನು ಗೇಲಿ ಮಾಡಿಕೊಂಡು ಒಂದು ವಿಡಿಯೊ ಮಾಡಿದರು. ಹತ್ತು ವರ್ಷ ಆದ ಮೇಲೆ, 2013ರಲ್ಲಿ ಎಎಂಡಿಯ ಆರ್9 290ಎಕ್ಸ್ ಬಂತು. ಒಂದೇ ಬ್ಲೋವರ್ ಫ್ಯಾನ್, ಚಿಪ್ 95 ಡಿಗ್ರಿಗೆ ಹೋಗಿ ನಿಲ್ಲುತ್ತಿತ್ತು. ಕಾರ್ಡಿನ ಮೇಲೆ ಒಂದು ಪುಟ್ಟ ಸ್ವಿಚ್ ಇತ್ತು. ಒಂದು ಕಡೆ 'ಕ್ವಯಟ್', ಇನ್ನೊಂದು ಕಡೆ 'ಊಬರ್'. ಮೊದಲನೆಯದರಲ್ಲಿ ಫ್ಯಾನ್ 40 ಪರ್ಸೆಂಟ್ ದಾಟುತ್ತಿರಲಿಲ್ಲ, ಎರಡನೆಯದರಲ್ಲಿ 55.

ಆ ಸ್ವಿಚ್ ಇವತ್ತಿಗೂ ಒಳ್ಳೆಯ ಮಾಡೆಲ್‌ಗಳಲ್ಲಿ ಉಳಿದಿದೆ, ಡ್ಯುಯಲ್ ಬಯಾಸ್ ಅನ್ನುತ್ತಾರೆ. ಬಯಾಸ್ ಅಂದರೆ ಕಾರ್ಡಿನೊಳಗೇ ಇರುವ ಮೂಲ ಸೆಟ್ಟಿಂಗ್. ಅಸೂಸ್‌ನ ಟಫ್ ಮಾಡೆಲ್‌ಗಳಲ್ಲಿ 'ಪಿ' ಮತ್ತು 'ಕ್ಯೂ' ಅಂತ ಬರೆದಿರುತ್ತದೆ. ಕಾರ್ಖಾನೆಯಿಂದ ಬರುವಾಗ ಸಾಮಾನ್ಯವಾಗಿ ಪರ್ಫಾರ್ಮೆನ್ಸ್ ಕಡೆಗೇ ಇರುತ್ತದೆ. ಪಿಸಿ ಆಫ್ ಮಾಡಿ, ಪ್ಲಗ್ ತೆಗೆದು, ಸ್ವಿಚ್ಚನ್ನು ಕ್ವಯಟ್ ಕಡೆ ತಳ್ಳಿ. ಮುಗಿಯಿತು. ಕಾರ್ಡ್ ಕೊಂಡು ವರ್ಷಗಟ್ಟಲೆ ಆ ಸ್ವಿಚ್ ಇದೆ ಅಂತಲೇ ಗೊತ್ತಿಲ್ಲದವರು ಬಹಳ ಜನ ಇದ್ದಾರೆ. ಇನ್ನು ಬ್ಲೋವರ್ ಮಾದರಿ ಕಾರ್ಡ್, ಅಂದರೆ ಮುಚ್ಚಿದ ಡಬ್ಬಿಯಂತೆ ಕಾಣುವ ಒಂದೇ ಫ್ಯಾನಿನದ್ದು, ಮನೆಗೆ ಬೇಡ.

ರಿವ್ಯೂ ಓದುವಾಗ

ಡಬ್ಬಿ ಮೇಲೆ 'ಸೈಲೆಂಟ್', 'ಝೀರೋ ಡಿಬಿ' ಅಂತ ಬರೆದಿರುವುದಕ್ಕೆ ಮರುಳಾಗಬೇಡಿ. ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಕಾರ್ಡಿನ ಸದ್ದಿನ ಬಗ್ಗೆ ಕೇಳಿದೆ. "ಸಾರ್, ಝೀರೋ ಡಿಬಿ ಅಂತ ಇಲ್ಲೇ ಪ್ರಿಂಟ್ ಆಗಿದೆ ನೋಡಿ, ಸದ್ದೇ ಬರಲ್ಲ" ಅಂದರು. ಅವರು ಸುಳ್ಳು ಹೇಳಲಿಲ್ಲ, ಅರ್ಧ ಹೇಳಿದರು ಅಷ್ಟೇ. ಚಿಪ್ ಸುಮಾರು 50ರಿಂದ 60 ಡಿಗ್ರಿ ಮುಟ್ಟುವವರೆಗೆ ಫ್ಯಾನ್ ನಿಂತೇ ಇರುತ್ತದೆ ಅನ್ನುವುದು ಅದರ ಅರ್ಥ. ಇಮೇಲ್ ನೋಡುವಾಗ, ನನ್ನ ಥರ ರೆಕಾರ್ಡ್ ಮಾಡುವಾಗ ಅದು ವರ. ಗೇಮ್ ಶುರುವಾದ ಮೇಲೆ ಆ ಬರಹಕ್ಕೆ ಬೆಲೆ ಇಲ್ಲ.

ಟೆಕ್‌ಪವರ್‌ಅಪ್‌ನಂಥ ತಾಣಗಳು ಒಂದೇ ಚಿಪ್‌ನ ಬೇರೆ ಬೇರೆ ಕಂಪನಿ ಕಾರ್ಡುಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿ ಗೇಮ್ ಆಡುವಾಗಿನ ಸದ್ದು, ಫ್ಯಾನ್ ವೇಗ, ತಾಪ ಮೂರನ್ನೂ ಕೊಡುತ್ತವೆ. ಕ್ವಯಟ್ ಬಯಾಸ್ ಇದ್ದರೆ ಅದರ ಅಂಕೆಯೂ ಬೇರೆಯೇ ಇರುತ್ತದೆ. ನಾನು ಮೊದಲು ನೋಡುವುದು ಆ ಸಾಲನ್ನೇ. ಒಂದು ಎಚ್ಚರಿಕೆ: ಒಬ್ಬರು ಅಳೆದ ಡೆಸಿಬಲನ್ನು ಇನ್ನೊಬ್ಬರು ಅಳೆದದ್ದರ ಜೊತೆ ಹೋಲಿಸಬೇಡಿ. ಮೈಕ್ ಎಷ್ಟು ದೂರ ಇಟ್ಟರು, ಕೋಣೆ ಎಂಥದ್ದು ಅನ್ನುವುದರ ಮೇಲೆ ಅಂಕೆ ಬದಲಾಗುತ್ತದೆ. ಒಬ್ಬರದ್ದೇ ಪಟ್ಟಿಯೊಳಗೆ ಹೋಲಿಸಿ.

ತಾಪದ ಅಂಕೆಯನ್ನು ಸದ್ದಿನ ಜೊತೆ ಸೇರಿಸಿ ಓದಬೇಕು. ಕೆಲವು ಕಾರ್ಡ್ 58 ಡಿಗ್ರಿಯಲ್ಲೇ ಇದೆ ಅಂತ ಮೆರೆಯುತ್ತವೆ, ಕೆಳಗೆ ನೋಡಿದರೆ ಫ್ಯಾನ್ 2,000 ಆರ್‌ಪಿಎಂ, ಅಂದರೆ ನಿಮಿಷಕ್ಕೆ 2,000 ಸುತ್ತು. ಗೇಮ್ ಆಡುವಾಗ ಚಿಪ್ 70, 75 ಡಿಗ್ರಿ ಇದ್ದರೆ ಅದಕ್ಕೇನೂ ಆಗುವುದಿಲ್ಲ. 58 ಡಿಗ್ರಿಯಿಂದ ನಿಮಗೇನು ಲಾಭ? ಕಡಿಮೆ ಸದ್ದಿನಲ್ಲಿ 70 ಡಿಗ್ರಿ ಇರುವ ಕಾರ್ಡ್ ನನಗೆ ಬೇಕು. ಎಲ್ಲ ಕಾರ್ಡುಗಳ ಸದ್ದನ್ನು ಒಂದೇ ಮಟ್ಟಕ್ಕೆ ತಂದು ತಾಪ ಅಳೆಯುವ ಪರೀಕ್ಷೆಯನ್ನೂ ಕೆಲವರು ಮಾಡುತ್ತಾರೆ. ಕೂಲರ್ ನಿಜವಾಗಿ ಎಷ್ಟು ಒಳ್ಳೆಯದು ಅಂತ ಗೊತ್ತಾಗುವುದು ಅದರಿಂದಲೇ.

ಮತ್ತೆ, ಈ ಪರೀಕ್ಷೆಗಳು ನಡೆಯುವುದು ಹೆಚ್ಚಾಗಿ 20ರಿಂದ 25 ಡಿಗ್ರಿ ಕೋಣೆಯಲ್ಲಿ. ಕೋಣೆ 10 ಡಿಗ್ರಿ ಬಿಸಿಯಾದರೆ ಚಿಪ್ಪೂ ಹೆಚ್ಚುಕಮ್ಮಿ 10 ಡಿಗ್ರಿ ಏರುತ್ತದೆ, ಅಥವಾ ಅದನ್ನು ತಡೆಯಲು ಫ್ಯಾನ್ ಏರುತ್ತದೆ. ಮೈಸೂರಿನಲ್ಲಿ ಏಪ್ರಿಲ್ ತಿಂಗಳೇ ಕಷ್ಟ. ಕಲಬುರಗಿ, ರಾಯಚೂರಿನಲ್ಲಿ ಮೇ ತಿಂಗಳಲ್ಲಿ ಹೊರಗೆ 40 ದಾಟುತ್ತದೆ. ಆ ಕಡೆಯವರು ರಿವ್ಯೂನಲ್ಲಿ 'ಸೈಲೆಂಟ್' ಅಂತ ಓದಿದ ಕಾರ್ಡಿಗಿಂತ ಒಂದು ಮೆಟ್ಟಿಲು ಕೆಳಗಿನ ವಾಟ್, ಒಂದು ಮೆಟ್ಟಿಲು ಮೇಲಿನ ಕೂಲರ್ ತಗೊಳ್ಳುವುದು ಒಳ್ಳೆಯದು. ಸೀಲಿಂಗ್ ಫ್ಯಾನ್ ಸದ್ದಿನಲ್ಲಿ ಕಾರ್ಡಿನ ಸದ್ದು ಮುಚ್ಚಿಹೋಗುತ್ತದೆ ಅನ್ನುವುದೂ ನಿಜ. ಬೇಸಿಗೆಯಲ್ಲಿ ಯಾರೂ ದೂರು ಹೇಳದಿರುವುದಕ್ಕೆ ಅದೇ ಕಾರಣ. ಡಿಸೆಂಬರ್‌ನಲ್ಲಿ ಸೀಲಿಂಗ್ ಫ್ಯಾನ್ ನಿಂತ ಮೇಲೆ ಅದೇ ಕಾರ್ಡ್ ಜೋರು ಅನ್ನಿಸತೊಡಗುತ್ತದೆ.

ಕೀಂವ್ ಅನ್ನುವ ಸದ್ದು

ಫ್ಯಾನ್ ಸದ್ದು ಗಾಳಿಯ ಸದ್ದು, ಒಗ್ಗಿಹೋಗುತ್ತದೆ. ಇನ್ನೊಂದು ಸದ್ದಿದೆ, ಅದು ಒಗ್ಗುವುದಿಲ್ಲ. ಸಣ್ಣಗೆ, ಚೂಪಾಗಿ, ಕೀಂವ್ ಅಂತ ಬರುತ್ತದೆ. ಮೌಸ್ ಆ ಕಡೆ ಈ ಕಡೆ ಆಡಿಸಿ ದೃಶ್ಯ ಬದಲಾದರೆ ಅದರ ಶ್ರುತಿಯೂ ಬದಲಾಗುತ್ತದೆ. ಇದಕ್ಕೆ ಕಾಯಿಲ್ ವೈನ್ ಅನ್ನುತ್ತಾರೆ. ಕಾರ್ಡಿನ ಮೇಲೆ ಚಿಪ್‌ಗೆ ವೋಲ್ಟೇಜ್ ಇಳಿಸಿಕೊಡುವ ಕಾಯಿಲ್‌ಗಳಿರುತ್ತವೆ. ಅವುಗಳಲ್ಲಿ ಕರೆಂಟ್ ಬೇಗ ಬೇಗ ಏರಿಳಿದಾಗ ತಂತಿ ನಡುಗುತ್ತದೆ. ಆ ನಡುಕ ಕಿವಿಗೆ ಕೇಳುವ ಮಟ್ಟದಲ್ಲಿದ್ದರೆ ಈ ಸದ್ದು.

ಇದರಿಂದ ಕಾರ್ಡ್ ಹಾಳಾಗುವುದಿಲ್ಲ. ಅದೇ ತೊಂದರೆ, ಯಾಕೆಂದರೆ ಹಾಳಾಗದಿದ್ದನ್ನು ವಾರಂಟಿಯಲ್ಲಿ ಬದಲಿಸಿಕೊಡಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಂದೇ ಮಾಡೆಲ್‌ನ ಎರಡು ಕಾರ್ಡಿನಲ್ಲಿ ಒಂದು ಕೀಂವ್ ಅನ್ನಬಹುದು, ಇನ್ನೊಂದು ಅನ್ನದಿರಬಹುದು. ರಿವ್ಯೂ ಓದಿ ಖಚಿತ ಮಾಡಿಕೊಳ್ಳಲು ಆಗುವುದಿಲ್ಲ. ಹಾಗಾಗಿ ವಾಪಸ್ ಕೊಡುವ ಅವಕಾಶ ಎಷ್ಟು ದಿನ ಇದೆ ಅಂತ ದುಡ್ಡು ಕೊಡುವ ಮೊದಲೇ ಕೇಳಿ, ಅಷ್ಟರೊಳಗೆ ಪರೀಕ್ಷೆ ಮಾಡಿ ಮುಗಿಸಿ.

ಪರೀಕ್ಷೆ ಸುಲಭ. ಎಫ್‌ಪಿಎಸ್ ಮಿತಿ (ಅದನ್ನು ಹಾಕುವುದು ಹೇಗೆ ಅಂತ ಮುಂದೆ ಹೇಳುತ್ತೇನೆ) ತೆಗೆದು, ಯಾವುದಾದರೂ ಹಗುರ ಗೇಮಿನ ಮೆನುವಿನಲ್ಲಿ ನಿಲ್ಲಿ. ಎಫ್‌ಪಿಎಸ್ ನೂರಾರು ಏರುತ್ತದೆ, ಕಾಯಿಲ್ ಕಿರುಚುವುದಿದ್ದರೆ ಆಗಲೇ ಕಿರುಚುತ್ತದೆ. ಮಿತಿ ಮತ್ತೆ ಹಾಕಿದ ಮೇಲೆ ಸದ್ದು ಹೋದರೆ ನಿಮಗೆ ಚಿಂತೆ ಇಲ್ಲ. ನೀವು ಯಾವಾಗಲೂ ಆಡುವುದು ಮಿತಿಯೊಳಗೇ ಅಲ್ವಾ? 60 ಎಫ್‌ಪಿಎಸ್‌ನಲ್ಲೂ ಕೇಳಿಸಿದರೆ ವಾಪಸ್ ಕೊಟ್ಟುಬಿಡಿ, ತಡಮಾಡಬೇಡಿ. ಕೆಲವೊಮ್ಮೆ ಸದ್ದು ಕಾರ್ಡಿನದ್ದಲ್ಲ, ಪವರ್ ಸಪ್ಲೈನದ್ದು. ಕಾಗದವನ್ನು ಕೊಳವೆಯಂತೆ ಸುತ್ತಿ ಒಂದು ತುದಿ ಕಿವಿಗೆ ಇಟ್ಟುಕೊಂಡು ಇನ್ನೊಂದನ್ನು ಕ್ಯಾಬಿನೆಟ್ ಒಳಗೆ ಆ ಕಡೆ ಈ ಕಡೆ ತೋರಿಸಿ ನೋಡಿ. ತುದಿ ಫ್ಯಾನಿಗೆ ತಾಗದಂತೆ ನೋಡಿಕೊಳ್ಳಿ.

ಮನೆಗೆ ತಂದ ಮೇಲೆ

ಅರ್ಧ ಮೌನ ಅಂಗಡಿಯಲ್ಲಿ ಸಿಗುತ್ತದೆ, ಇನ್ನರ್ಧ ಸೆಟ್ಟಿಂಗ್‌ನಲ್ಲಿ. ಇದಕ್ಕೆ ದುಡ್ಡು ಬೇಡ, ಒಂದು ಸಂಜೆ ಸಾಕು.

ಮೊದಲು ಎಫ್‌ಪಿಎಸ್ ಮಿತಿ. ಮಾನಿಟರ್ 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಫ್ರೇಮ್ ತೋರಿಸುವಂಥದ್ದು, ಆದರೆ ಮಿತಿ 140ರ ಆಸುಪಾಸು. ಎನ್‌ವಿಡಿಯಾ ಸಾಫ್ಟ್‌ವೇರಿನಲ್ಲಿ 'ಮ್ಯಾಕ್ಸ್ ಫ್ರೇಮ್ ರೇಟ್' ಅಂತಿದೆ. ಎಎಂಡಿಯ ಅಡ್ರಿನಲಿನ್ ಸಾಫ್ಟ್‌ವೇರಿನಲ್ಲಿ ಅದೇ ಕೆಲಸಕ್ಕೆ 'ಫ್ರೇಮ್ ರೇಟ್ ಟಾರ್ಗೆಟ್ ಕಂಟ್ರೋಲ್', 'ಚಿಲ್' ಎರಡೂ ಇವೆ. ಮಾನಿಟರ್ ತೋರಿಸಲಾಗದ ಫ್ರೇಮ್‌ಗೆ ಕಾರ್ಡ್ ಬೆವರು ಸುರಿಸುವುದು ಯಾಕೆ? ಒಬ್ಬರೇ ಆಡುವ ಕಥೆಯ ಗೇಮ್‌ಗಳಿಗೆ ನಾನು 90ಕ್ಕೆ ನಿಲ್ಲಿಸುತ್ತೇನೆ. ಎಲ್ಡನ್ ರಿಂಗ್ ಹೇಗೂ 60 ದಾಟುವುದಿಲ್ಲ, ಅದನ್ನು ಆಡುವಾಗ ನನ್ನ ಕಾರ್ಡ್ ಇದೆಯೋ ಇಲ್ಲವೋ ಅನ್ನಿಸುತ್ತದೆ.

ಎರಡನೆಯದು ಪವರ್ ಲಿಮಿಟ್. ಎಂಎಸ್‌ಐ ಆಫ್ಟರ್‌ಬರ್ನರ್ ಉಚಿತ, ಯಾವ ಕಂಪನಿಯ ಕಾರ್ಡಿಗೂ ನಡೆಯುತ್ತದೆ. ಅದರಲ್ಲಿ ಪವರ್ ಲಿಮಿಟ್ ಅನ್ನುವ ಜಾರುಗುಂಡಿಯನ್ನು 80ಕ್ಕೆ ಇಳಿಸಿ. ವಾಟ್ ಐದನೇ ಒಂದು ಪಾಲು ಇಳಿಯುತ್ತದೆ, ವೇಗ ಇಳಿಯುವುದು ಕೆಲವೇ ಪರ್ಸೆಂಟ್. ಕಾರಣ ಏನೆಂದರೆ, ಕೊನೆಯ ಸ್ವಲ್ಪ ಮೆಗಾಹರ್ಟ್ಸ್‌ಗೋಸ್ಕರ ಚಿಪ್‌ಗೆ ಬಹಳ ವೋಲ್ಟೇಜ್ ಬೇಕು, ವೋಲ್ಟೇಜ್ ಏರಿದಂತೆ ವಾಟ್ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. ರಿವ್ಯೂ ಪಟ್ಟಿಯಲ್ಲಿ ಎದುರಾಳಿಗಿಂತ ಮೇಲೆ ಕಾಣಬೇಕು ಅಂತ ಕಂಪನಿಗಳು ಆ ಕೊನೆಯ ತುದಿಯವರೆಗೆ ಎಳೆದಿರುತ್ತವೆ. ನಿಮಗೆ ಆ ಹಟ ಬೇಕಿಲ್ಲ.

ಇನ್ನೂ ಸ್ವಲ್ಪ ಕೈಹಾಕುವ ಧೈರ್ಯ ಇದ್ದರೆ ಅಂಡರ್‌ವೋಲ್ಟ್ ಮಾಡಿ, ಅಂದರೆ ಚಿಪ್ಪನ್ನು ಕಮ್ಮಿ ವೋಲ್ಟೇಜ್‌ನಲ್ಲಿ ಓಡಿಸಿ. ನನ್ನ 4070 ಸೂಪರ್‌ಗೆ ಮಾಡಿದ್ದನ್ನು ಹೇಳುತ್ತೇನೆ. ಆಫ್ಟರ್‌ಬರ್ನರ್ ತೆರೆದು ಕಂಟ್ರೋಲ್ ಮತ್ತು ಎಫ್ ಕೀ ಒತ್ತಿದರೆ ವೋಲ್ಟೇಜ್ ಮತ್ತು ವೇಗದ ಗೆರೆ ಬರುತ್ತದೆ. ಕೋರ್ ಕ್ಲಾಕ್ ಅನ್ನು 250ರಷ್ಟು ಕೆಳಗೆ ಎಳೆದರೆ ಇಡೀ ಗೆರೆ ಕೆಳಗಿಳಿಯುತ್ತದೆ. ಆಮೇಲೆ 950 ಮಿಲಿವೋಲ್ಟ್ ಮೇಲಿರುವ ಚುಕ್ಕೆಯೊಂದನ್ನೇ ಹಿಡಿದು 2,600 ಮೆಗಾಹರ್ಟ್ಸ್‌ಗೆ ಎತ್ತಿ, ಸರಿ ಗುರುತು ಒತ್ತಿ. ಅದರ ಬಲಗಡೆಯ ಗೆರೆ ಚಪ್ಪಟೆಯಾಗುತ್ತದೆ, ಅಂದರೆ ಕಾರ್ಡ್ ಅದಕ್ಕಿಂತ ಮೇಲಿನ ವೋಲ್ಟೇಜ್ ಕೇಳುವುದಿಲ್ಲ. 220 ವಾಟ್ ಎಳೆಯುತ್ತಿದ್ದ ಕಡೆ ಈಗ 170ರ ಹತ್ತಿರ ಇದೆ. ಎಫ್‌ಪಿಎಸ್‌ನಲ್ಲಿ ವ್ಯತ್ಯಾಸ ಹುಡುಕಬೇಕು, ಹಾಗಿದೆ. ರೇ ಟ್ರೇಸಿಂಗ್ (ಬೆಳಕಿನ ಲೆಕ್ಕ ಹಾಕಿ ನೆರಳು, ಪ್ರತಿಬಿಂಬ ಮೂಡಿಸುವುದು) ಇರುವ ಗೇಮ್ ಒಂದು ಗಂಟೆ ಆಡಿ ನೋಡಿ. ಗೇಮ್ ಬಿದ್ದುಹೋದರೆ 30 ಮೆಗಾಹರ್ಟ್ಸ್ ಇಳಿಸಿ ಮತ್ತೆ ನೋಡಿ. ಪ್ರತಿ ಚಿಪ್ ಬೇರೆ, ನನ್ನ ಅಂಕೆ ನಿಮ್ಮದಕ್ಕೆ ಹೊಂದಲೇಬೇಕು ಅಂತಿಲ್ಲ. ಎಎಂಡಿ ಕಾರ್ಡಿಗೆ ಅಡ್ರಿನಲಿನ್‌ನ ಟ್ಯೂನಿಂಗ್ ಪುಟದಲ್ಲೇ ವೋಲ್ಟೇಜ್, ಪವರ್, ಫ್ಯಾನ್ ಮೂರೂ ಇವೆ, ಬೇರೆ ಸಾಫ್ಟ್‌ವೇರ್ ಬೇಡ.

ಮೂರನೆಯದು ಫ್ಯಾನ್ ಗೆರೆ, ಅಂದರೆ ಎಷ್ಟು ತಾಪಕ್ಕೆ ಫ್ಯಾನ್ ಎಷ್ಟು ವೇಗ ಅನ್ನುವುದು. ನನ್ನ ಕಾರ್ಡ್ 1,200 ಆರ್‌ಪಿಎಂವರೆಗೆ ಕಿವಿಗೆ ಬೀಳುವುದಿಲ್ಲ, 1,500ಕ್ಕೆ 'ಹಾಂ, ಇದೆ' ಅನ್ನಿಸುತ್ತದೆ. ನಿಮ್ಮದರ ಆ ಗಡಿ ಯಾವುದು ಅಂತ ರಾತ್ರಿ ಎಲ್ಲ ನಿಶ್ಶಬ್ದವಾದ ಮೇಲೆ ಕೈಯಿಂದ ವೇಗ ಏರಿಸುತ್ತಾ ಕಂಡುಕೊಳ್ಳಿ. 75 ಡಿಗ್ರಿವರೆಗೆ ಆ ಗಡಿ ದಾಟದ ಹಾಗೆ ಗೆರೆ ಎಳೆಯಿರಿ, ಅದರ ಮೇಲೆ ಬೇಕಾದರೆ ಏರಲಿ. ಸದ್ದು ಒಂದೇ ಸಮ ಇದ್ದರೆ ಕಿವಿ ಮರೆಯುತ್ತದೆ, ಏರಿಳಿದರೆ ಕಿರಿಕಿರಿ. ಅದಕ್ಕೆ ಫ್ಯಾನ್ ಸೆಟ್ಟಿಂಗ್‌ನಲ್ಲಿ 'ಟೆಂಪರೇಚರ್ ಹಿಸ್ಟರೆಸಿಸ್' ಅಂತ ಒಂದಿದೆ, 5 ಡಿಗ್ರಿ ಹಾಕಿ. ಆಗ ಒಂದೆರಡು ಡಿಗ್ರಿ ಇಳಿದ ಕೂಡಲೇ ಫ್ಯಾನ್ ಕುಣಿಯುವುದಿಲ್ಲ. ಬೇಸಿಗೆಯಲ್ಲಿ ಫ್ಯಾನ್ ನಿಲ್ಲುವುದು, ಮತ್ತೆ ಶುರುವಾಗುವುದು, ಮತ್ತೆ ನಿಲ್ಲುವುದು ಆಗುತ್ತಿದ್ದರೆ ಝೀರೋ ಆರ್‌ಪಿಎಂ (ಫ್ಯಾನ್ ಪೂರ್ತಿ ನಿಲ್ಲಿಸುವ ಸೆಟ್ಟಿಂಗ್) ತೆಗೆದು 30 ಪರ್ಸೆಂಟ್‌ನಲ್ಲಿ ಸದಾ ತಿರುಗಲು ಬಿಡಿ. ಹೆಚ್ಚು ಹರ್ಟ್ಸಿನ ಎರಡು ಮಾನಿಟರ್ ಹಾಕಿದವರಿಗೆ ಇದು ಜಾಸ್ತಿ ಕಾಡುತ್ತದೆ, ಯಾಕೆಂದರೆ ಸುಮ್ಮನಿದ್ದಾಗಲೂ ಕಾರ್ಡಿನ ಮೆಮೊರಿ ಪೂರ್ತಿ ವೇಗದಲ್ಲೇ ಇರಬಹುದು.

ಕಾರ್ಡಿನ ಸುತ್ತ ಇರುವುದು

ಕಂಪ್ಯೂಟರ್ ಟೇಬಲ್ ಅಂತ ಮಾರುತ್ತಾರಲ್ಲ, ಸಿಪಿಯು ಇಡಲು ಮೂರು ಕಡೆ ಹಲಗೆ ಹೊಡೆದ ಗೂಡು ಇರುವಂಥದ್ದು. ಗೇಮಿಂಗ್ ಪಿಸಿಯ ಮೊದಲ ಶತ್ರು ಅದು. ಹಿಂದಿನಿಂದ ಬಂದ ಬಿಸಿಗಾಳಿ ಅಲ್ಲೇ ಸುತ್ತಿ ಮತ್ತೆ ಮುಂದಿನಿಂದ ಒಳಗೆ ಹೋಗುತ್ತದೆ. ಪಿಸಿಯನ್ನು ಗೂಡಿನಿಂದ ಹೊರಗೆ ತೆಗೆದು, ಗೋಡೆಗೆ ಒಂದು ಗೇಣು ಬಿಟ್ಟು ಇಡಿ. ಕಿವಿಯಿಂದ ದೂರ ಇದ್ದಷ್ಟೂ ಒಳ್ಳೆಯದು. ಬಯಲಲ್ಲಾದರೆ ದೂರ ಎರಡರಷ್ಟಾದಾಗ ಸದ್ದು 6 ಡೆಸಿಬಲ್ ಇಳಿಯುತ್ತದೆ. ಕೋಣೆಯೊಳಗೆ ಅಷ್ಟು ಆಗುವುದಿಲ್ಲ, ಆದರೂ ಮೇಜಿನ ಮೇಲಿನಿಂದ ಕೆಳಗೆ ಇಳಿಸಿದ್ದೇ ಗೊತ್ತಾಗುತ್ತದೆ.

ಕ್ಯಾಬಿನೆಟ್ ಮುಂಭಾಗ ಜಾಲರಿ ಇರಲಿ. ಒಳಗೆ ಸ್ಪಂಜ್ ಅಂಟಿಸಿ ಮುಂದೆ ಮುಚ್ಚಿದ 'ಸೈಲೆಂಟ್' ಕ್ಯಾಬಿನೆಟ್‌ಗಳು ಕೆಲಸವಿಲ್ಲದಾಗ ಮೌನ, ಗೇಮ್ ಹಾಕಿದರೆ ಒಳಗೆ ಬಿಸಿ ಕಟ್ಟಿ ಕಾರ್ಡಿನ ಫ್ಯಾನ್ ಏರಿಸುತ್ತವೆ. ಮುಂದೆ ಎರಡು 140 ಮಿಲಿಮೀಟರ್ ಫ್ಯಾನ್ 700 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ ನನಗೆ ಸಾಕಾಗಿದೆ. ಒಂದು ವಿಷಯ ಬಹಳ ಜನ ಗಮನಿಸುವುದಿಲ್ಲ: ಕ್ಯಾಬಿನೆಟ್ ಫ್ಯಾನ್‌ಗಳು ಸಾಮಾನ್ಯವಾಗಿ ಸಿಪಿಯು, ಅಂದರೆ ಒಳಗಿನ ಪ್ರೊಸೆಸರ್ ಚಿಪ್ಪಿನ ತಾಪ ನೋಡಿ ಏರಿಳಿಯುತ್ತವೆ. ಗೇಮ್‌ನಲ್ಲಿ ಬಿಸಿಯಾಗುವುದು ಗ್ರಾಫಿಕ್ಸ್ ಕಾರ್ಡ್. ಫ್ಯಾನ್ ಕಂಟ್ರೋಲ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ ಮುಂದಿನ ಫ್ಯಾನ್‌ಗಳನ್ನು ಕಾರ್ಡಿನ ತಾಪಕ್ಕೆ ಜೋಡಿಸಿ.

ಪವರ್ ಸಪ್ಲೈ ಬಿಗಿಯಾಗಿ ತಗೊಳ್ಳಬೇಡಿ. 250 ವಾಟ್ ಕಾರ್ಡಿಗೆ 750 ವಾಟ್ ಇದ್ದರೆ ಅದರ ಫ್ಯಾನ್ ಬಹಳ ಹೊತ್ತು ಮೆಲ್ಲಗೇ ಇರುತ್ತದೆ. ಹೊಸ ಎನ್‌ವಿಡಿಯಾ ಕಾರ್ಡುಗಳಲ್ಲಿ 16 ಪಿನ್ನಿನ ಪ್ಲಗ್ ಇದ್ದರೆ ಅದನ್ನು ಕೊನೆಯವರೆಗೂ ಒತ್ತಿ, ನಡುವೆ ಸಂದು ಕಾಣಬಾರದು. ಸಡಿಲ ಇದ್ದರೆ ಪ್ಲಗ್ ಕರಗುವ ಅಪಾಯ ಇದೆ.

ಸೆಕೆಂಡ್ ಹ್ಯಾಂಡ್ ಕಾರ್ಡ್ ನೋಡಲು ಹೋದರೆ ಫ್ಯಾನನ್ನು ಕೈಯಿಂದ 100 ಪರ್ಸೆಂಟಿಗೆ ಏರಿಸಿ, ಮತ್ತೆ 30ಕ್ಕೆ ಇಳಿಸಿ ಕೇಳಿ. ಏರಿಸಿದಾಗ ಎಲ್ಲ ಕಾರ್ಡೂ ಕೂಗುತ್ತವೆ, ಇಳಿಸಿದಾಗ ಕರಕರ ಅಂದರೆ ಬೇರಿಂಗ್ ಸವೆದಿದೆ. ಬಿಲ್ ಮತ್ತು ಸೀರಿಯಲ್ ನಂಬರ್ ತಾಳೆ ನೋಡಿ. ಹೊಸದಕ್ಕೂ ಅಷ್ಟೇ, ಎಷ್ಟೇ ರಿಯಾಯಿತಿ ಹೇಳಿದರೂ ಜಿಎಸ್‌ಟಿ ಬಿಲ್ ಬಿಡಬೇಡಿ. ವಾರಂಟಿಗೆ ಹೋದಾಗ ಮೊದಲು ಕೇಳುವುದು ಅದನ್ನೇ.

ಇನ್ನುಳಿದದ್ದು ಧೂಳು. ಜಾಲರಿಯನ್ನು ತಿಂಗಳಿಗೊಮ್ಮೆ ಒಣ ಬ್ರಷ್‌ನಲ್ಲಿ ಉಜ್ಜಿ. ಕಾರ್ಡಿನ ರೆಕ್ಕೆಗಳಿಗೆ ಧೂಳು ಊದುವ ಬ್ಲೋವರ್ ಯಂತ್ರ ಹಿಡಿಯುವಾಗ ಫ್ಯಾನನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಗಾಳಿಗೆ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಆಯುಧಪೂಜೆಗೆ ಹೇಗೂ ಕ್ಯಾಬಿನೆಟ್ ಒರೆಸುತ್ತೇವೆ, ಆವತ್ತೇ ಪಕ್ಕದ ಗಾಜು ತೆಗೆದು ಪೂರ್ತಿ ಚೊಕ್ಕ ಮಾಡಿಬಿಡಿ. ಅರಿಶಿನ ಕುಂಕುಮವನ್ನು ಮಾತ್ರ ಮುಂದಿನ ಜಾಲರಿಗೆ ಹಚ್ಚಬೇಡಿ, ಮೇಲೆ ಹಚ್ಚಿ. ಅಕ್ಕ ಹೋದ ಸಲ ಜಾಲರಿಗೇ ಹಚ್ಚಿದ್ದಳು, ಅದನ್ನು ಫಿಲ್ಟರ್‌ನಿಂದ ತೆಗೆಯುವಷ್ಟರಲ್ಲಿ ಹುಡುಗನಿಗೆ ಸಾಕುಸಾಕಾಯಿತು.